ಕೈ ಹಿಂದಕ್ಕೆ ಬಂದ ಮೇಲೆ ಎಣಿಸಿದ್ದು

ಆಗಸ್ಟ್ ಒಂದರಿಂದ ಜನವರಿ ನಾಲ್ಕರವರೆಗೆ ನಾನು ಬಾಕ್ಸಿಂಗ್ ಚೀಲಕ್ಕೆ ಹೊಡೆದ ಏಟುಗಳು 31,320. ದಿನಕ್ಕೆ ಇನ್ನೂರ ತೊಂಬತ್ತರಂತೆ, ಕ್ಲಾಸ್ ನಡೆದ ನೂರೆಂಟು ದಿನ. ಮೊದಲ ದಿನ ಮುನ್ನೂರು ಹೊಡೆಯಬೇಕೆಂದೇ ಶುರು ಮಾಡಿದ್ದೆ. ಆರೂಕಾಲಿನ ಬೀದರ್ ಬಸ್ಸಿಗೆ ಹೊತ್ತಾಯಿತೆಂದು ಕೊನೆಯ ಹತ್ತನ್ನು ಬಿಟ್ಟು ಓಡಿದೆ. ಮರುದಿನ ಮುನ್ನೂರು ಬರೆದರೆ ಕಾಲಂ ಸೊಟ್ಟಗೆ ಕಾಣುತ್ತದೆ ಅನ್ನಿಸಿ ಅಂದೂ ಹತ್ತು ಬಿಟ್ಟೆ. ಹೀಗೆ ಇನ್ನೂರ ತೊಂಬತ್ತೇ ನನ್ನ ಸಂಖ್ಯೆಯಾಯಿತು.

ನೋಟ್‌ಬುಕ್ಕಿನಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದ ಐದು ಕಾಲಂ. ದಿನಾಂಕ, ಬೆಳಗಿನ ತೂಕ, ಹಗ್ಗ ಜಿಗಿದ ನಿಮಿಷ, ಚೀಲದ ಏಟು, ಕೊನೆಯದು ಭುಜ. ಬಲಭುಜ ಆ ದಿನ ಎಷ್ಟು ಸಲ ಟಕ್ ಅಂದಿತು ಎಂಬುದನ್ನು ಕೊನೆಯದರಲ್ಲಿ ಬರೆಯುತ್ತಿದ್ದೆ. ಆಗಸ್ಟಿನಲ್ಲಿ ಅಲ್ಲೆಲ್ಲ ಸೊನ್ನೆ. ಡಿಸೆಂಬರಿಗೆ ಏಳು, ಒಂಬತ್ತು, ಹನ್ನೆರಡು.

ಮೊದಲ ಪುಟದಲ್ಲಿ ಕಾಲಂ ಇಲ್ಲ. ಅಲ್ಲಿರುವುದು ಅವ್ವನ ಜೊತೆ ಮಾಡಿಕೊಂಡ ಕರಾರು. ಅವ್ವ ನರ್ಸು. ಬೀದರಿನ ಮೈಲೂರಿನಲ್ಲಿರುವ ನಮ್ಮ ಮನೆಯಲ್ಲಿ ನಾವಿಬ್ಬರೇ. ಹೋದ ವರ್ಷ ಜಿಲ್ಲಾ ತಂಡದ ಆಯ್ಕೆಯಲ್ಲಿ, ಐವತ್ತನಾಲ್ಕು ಕಿಲೋ ವಿಭಾಗದಲ್ಲಿ, ನಾನು ಭಾಲ್ಕಿಯ ಹುಡುಗಿಯೊಬ್ಬಳ ಎದುರು ಸೋತು ಬಂದು ಭುಜಕ್ಕೆ ಮುಲಾಮು ಹಚ್ಚಿಕೊಳ್ಳುತ್ತಿದ್ದಾಗ ಅವ್ವ ಹೇಳಿದ್ದಳು: "ಇನ್ನೊಂದು ವರ್ಷ ಕೊಡ್ತೇನಿ. ಬರೂ ಸಲ ತಂಡದಾಗ ಹೆಸರು ಬಂತಂದ್ರ ಆಡು, ನಾ ಬಾಯಿ ಬಿಡಂಗಿಲ್ಲ. ಬರಲಿಲ್ಲಂದ್ರ ಗ್ಲೌಸ್ ಅಟ್ಟಕ್ಕ. ಭುಜ ಕೆಡಿಸ್ಕೊಂಡು ಕುಂತವ್ರಿಗಿ ನಾ ವಾರ್ಡಿನ್ಯಾಗ ದಿನಾ ಕೈಯಾರೆ ಉಣಸ್ತೇನಿ." ಅದನ್ನು ಹಾಗೇ ಬರೆದು ಇಬ್ಬರೂ ಸಹಿ ಮಾಡಿದೆವು. ಒಂದು ವಿಭಾಗಕ್ಕೆ ಒಬ್ಬರೇ ಆಯ್ಕೆಯಾಗುವುದು. ಈ ಸಲದ ಆಯ್ಕೆ ಫೆಬ್ರುವರಿ 22ಕ್ಕೆ, ಭಾಲ್ಕಿಯಲ್ಲೇ.

ಜನವರಿ ಬಂದಾಗ ನನಗೆ ಎಲ್ಲಿಯೂ ಕೂಡಲು ಆಗುತ್ತಿರಲಿಲ್ಲ. ಬಸ್ಸಿನಲ್ಲಿ ಮೊಣಕಾಲು ತಾನೇ ಕುಣಿಯುತ್ತಿತ್ತು. ಊಟಕ್ಕೆ ಕೂತರೆ ಅವ್ವ ತಾಟಿನಿಂದ ಕಣ್ಣೆತ್ತದೆ "ಕಾಲು" ಅನ್ನುತ್ತಿದ್ದಳು. ಭಾನುವಾರ ಬುದ್ಧ ವಿಹಾರದಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ಸುಮ್ಮನೆ ಕೂಡಬೇಕು. ನಾನು ಉಸಿರು ಎಣಿಸಿ, ಮನೆಗೆ ಬಂದು 143 ಎಂದು ಬರೆದಿಟ್ಟೆ. ಬೀದರಿನಿಂದ ಭಾಲ್ಕಿಯವರೆಗೆ ರಸ್ತೆಯ ಎಡಕ್ಕಿರುವ ಕರೆಂಟ್ ಕಂಬಗಳನ್ನೂ ಎಣಿಸಿದ್ದೆ. ಸರ್ ಎದುರು ಆ ಸಂಖ್ಯೆ ಹೇಳಿದಾಗ ಅವರು ಒಂದು ಗಳಿಗೆ ಯೋಚಿಸಿ, "ಎರಡು ಕಂಬ ತಪ್ಪಿಸಿದಿ ನೋಡು, ಹಳ್ಳದ ಬಲ್ಲಿ ಜಾಲಿ ಗಿಡದಾಗ ಅವ" ಅಂದಿದ್ದರು.

ಸರ್ ಅಂದರೆ ನಮಗೆ ಬಾಕ್ಸಿಂಗ್ ಕಲಿಸುವವರು. ನೌಕರಿಯಲ್ಲಿ ಲೈನ್‌ಮನ್. ಭಾಲ್ಕಿಯಲ್ಲಿ, ಬೀಜದ ಗೋದಾಮಿನ ಹಿಂದಿನ ತಗಡಿನ ಶೆಡ್ಡಿನಲ್ಲಿ ಸಂಜೆ ನಾಲ್ಕಕ್ಕೆ ಕ್ಲಾಸು. ಎಷ್ಟೋ ದಿನ ಅರ್ಧದಲ್ಲಿ ಫೋನ್ ಬರುತ್ತಿತ್ತು. "ಲೈನ್ ಹೋಗ್ಯಾದ. ನೀವು ಗಾಳಿಗಿ ಹೊಡಕೋತ ಇರ್ರಿ" ಎಂದು ಮೋಟರ್‌ಸೈಕಲ್ ಹತ್ತಿ ಹೋಗಿಬಿಡುತ್ತಿದ್ದರು.

ಜನವರಿ 6ರಂದು ಫೋನ್ ಬರಲಿಲ್ಲ. ಅವರು ನನ್ನ ಚೀಲದ ಪಕ್ಕದಲ್ಲಿ ನಿಂತು ಪೂರಾ ಒಂದು ಸುತ್ತು ನೋಡಿದರು. ನಾನು ಲೆಕ್ಕ ತಪ್ಪದಂತೆ ಹೊಡೆಯುತ್ತಲೇ ಇದ್ದೆ.

"ತಾಕತ್ ಎಲ್ಲಿ ಹೋಗ್ಲತ್ತದ ನಿಂದು?" ಅಂದರು. "ಕಾಲು ಬರೋಬ್ಬರಿ ಅದ. ಸೊಂಟ ತಿರಗ್ತದ. ಚೀಲಕ್ಕ ಮಾತ್ರ ಏನೂ ಮುಟ್ಟವಲ್ದು."

ಆಮೇಲೆ ಭಾಲ್ಕಿಯ ಹುಡುಗಿಯನ್ನು ಕರೆದರು. ಅದೇ ಶೆಡ್ಡಿನಲ್ಲಿ ನನ್ನ ಜೊತೆಗೇ ಕಲಿಯುವವಳು, ಹೋದ ವರ್ಷ ನನ್ನನ್ನು ಸೋಲಿಸಿದವಳು, ಈ ವರ್ಷವೂ ನನ್ನ ಎದುರು ನಿಲ್ಲುವವಳು. ಅವರ ಮನೆಯದು ಹಿಟ್ಟಿನ ಗಿರಣಿ. ಅವಳ ಹುಬ್ಬಿನ ಮೇಲೆ ಸದಾ ಸ್ವಲ್ಪ ಹಿಟ್ಟು ಕೂತಿರುತ್ತಿತ್ತು. "ಇಕಿ ಬೆನ್ನಿನ ಮ್ಯಾಲ ಅಂಗೈ ಇಡು. ರೆಕ್ಕಿ ಎಲುಬಿನ ಕೆಳಗ," ಅಂದರು ಸರ್. ಅವಳು ಇಟ್ಟಳು. ನಾನು ಹತ್ತು ಹೊಡೆದೆ.

"ಏನ್ ಹತ್ತತದ ಕೈಗಿ?"

"ಅಂಗಿ ಹತ್ತತದರಿ ಸರ್," ಅಂದಳು ಅವಳು.

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು. ಸರ್ ನಗಲಿಲ್ಲ. ಈಗ ನೀನು ಅವಳ ಬೆನ್ನಿಗೆ ಕೈ ಇಡು ಅಂದರು. ಇಟ್ಟೆ. ಅವಳು ಬಲಗೈ ಬೀಸಿದಳು. ಅಂಗೈಯ ಕೆಳಗೆ ಏನೋ ಒಂದು, ಕೊಡದಲ್ಲಿ ಹಿಡಿದು ತಂದ ಮೀನಿನ ಹಾಗೆ, ಒಮ್ಮೆ ಹೊರಳಿತು. ಮುಷ್ಟಿ ಹೋಗುವಾಗ ಅದು ಅಗಲವಾಯಿತು. ಮುಷ್ಟಿ ತಿರುಗಿ ಬರುವಾಗ ಗಟ್ಟಿಯಾಗಿ ಬೆನ್ನುಮೂಳೆಯ ಕಡೆ ಸರಿಯಿತು. ನಾನು ಕೈ ತೆಗೆಯುವುದನ್ನೇ ಮರೆತೆ.

"ಆಯ್ತೇನು? ನನಗ ಕಚಗುಳಿ ಆಗ್ಲತ್ತದ," ಅಂದಳು.

ಸರ್ ವಿವರಿಸಿದ್ದನ್ನು ಬಸ್ಸಿನಲ್ಲಿ ಕೂತು ಬರೆದುಕೊಂಡೆ. ಏಟು ಹುಟ್ಟುವುದು ನೆಲದಲ್ಲಿ. ಪಾದ ನೂಕುತ್ತದೆ, ಸೊಂಟ ತಿರುಗುತ್ತದೆ. ಸೊಂಟದಿಂದ ತೋಳಿನವರೆಗೆ ಕಂಕುಳ ಕೆಳಗಿನಿಂದ ಹಬ್ಬಿರುವ ಅಗಲವಾದ ಸ್ನಾಯು ಆ ಎರಡನ್ನೂ ಕಟ್ಟಿಹಾಕುತ್ತದೆ. ಆ ಕಟ್ಟು ಸಡಿಲವಿದ್ದರೆ ಸೊಂಟದ ಜೋರು ನಡುವೆಯೇ ಸೋರಿಹೋಗಿ, ಭುಜ ಒಂದೇ ದುಡಿಯಬೇಕಾಗುತ್ತದೆ. ಟಕ್ ಅನ್ನುವುದು ಅದಕ್ಕೇ. ಇನ್ನೊಂದು ಮಾತನ್ನು ಅವರ ಬಾಯಲ್ಲಿ ಬಂದ ಹಾಗೆಯೇ ಬರೆದಿದ್ದೇನೆ: "ಬ್ರೇಕ್ ಇಲ್ಲದ ಗಾಡಿ ನೀ ಜೋರ್ ಓಡಸ್ತಿ ಏನು? ಇಲ್ಲ. ಮೈಗೂ ಅಕಲ್ ಅದ. ಹೋಗೂ ಕೈಗಿ ತಡದು ಹಿಂದ ತರೂ ಬೆನ್ನಿಲ್ಲ ಅಂತ ಅದಕ್ಕ ಗೊತ್ತದ. ಅದಕ್ಕೇ ಅದು ಕೈ ಜೋರ್ ಬಿಡವಲ್ದು. ನಾವು ತಂತಿ ಎಳೀಬೇಕಾದ್ರ ಬೆನ್ನಲೆ ಎಳೀತೇವಿ. ಕೈಲೆ ಎಳದವ ಎರಡನೇ ಕಂಬಕ್ಕ ಕುಂತುಬಿಡ್ತಾನ."

ಅಂದಿನಿಂದ ಚೀಲ ಬಂದ್. ಶೆಡ್ಡಿನ ತೊಲೆಗೆ ಕಟ್ಟಿದ ಕಬ್ಬಿಣದ ಕೊಳವೆ ಹಿಡಿದು ಮೈ ಎಳೆದುಕೊಳ್ಳುವುದು, ಹಳೆಯ ತಂತಿಯ ಸುರುಳಿ ಕಟ್ಟಿದ ಹಗ್ಗವನ್ನು ಕೂತು ಎಳೆಯುವುದು, ಇಷ್ಟೇ ಕೆಲಸ. ನಾಲ್ಕನೆಯ ಕಾಲಂನಲ್ಲಿ ದಿನವೂ ಸೊನ್ನೆ ಬರೆದೆ. ಆರನೆಯ ಕಾಲಂ ಎಳೆದೆ. ಜನವರಿ 7, ಕೊಳವೆ: 0. ಜನವರಿ 8: 0. ಜನವರಿ 9: ಅರ್ಧ. ಭಾಲ್ಕಿಯ ಹುಡುಗಿ ಅದೇ ಕೊಳವೆಗೆ ಒಂಬತ್ತು ಸಲ ಗದ್ದ ಮುಟ್ಟಿಸುತ್ತಿದ್ದಳು. ಚಿಕ್ಕಂದಿನಿಂದ ಜೋಳದ ಡಬ್ಬಿ ಎತ್ತಿ ಗಿರಣಿಯ ಬಾಯಿಗೆ ಸುರಿದವಳು. ನಾನು ಚಿಕ್ಕಂದಿನಿಂದ ಎತ್ತಿದ್ದು ಪುಸ್ತಕ. ಜನವರಿ ಮುಗಿದಾಗ ನನ್ನದು ಎರಡಾಗಿತ್ತು. ಆಯ್ಕೆಗೆ ಉಳಿದದ್ದು ಮೂರು ವಾರ. ಮೂರು ವಾರಕ್ಕೆ ಎಷ್ಟಾಗಬಹುದೆಂದು ಲೆಕ್ಕ ಹಾಕಿದೆ. ಮೂರೂವರೆ ಬಂತು.

ಆ ವಾರ ಸರ್‌ಗೆ ಹಗಲು-ಸಂಜೆ ಎರಡೂ ಪಾಳಿ. ಶೆಡ್ಡಿಗೆ ಬೀಗ. ಎರಡು ದಿನ ನಾನು ಮನೆಯಲ್ಲಿ ಅಡಿಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡಿಗೆಮನೆಗೆ ಓಡಾಡಿದೆ. ಅವ್ವನಿಗೆ ಸಾಕಾಯಿತು. "ಡಾಬಕಾಕ್ಕ ಹೋಗು," ಅಂದಳು. "ಚಿಗವ್ವನ ಹೊಲದಾಗ ಜ್ವಾಳ ಕೀಳ್ಲತ್ತಾರ. ಇಲ್ಲಿ ನನ್ನ ಫರ್ಶಿ ಸವಸಬ್ಯಾಡ."

ಡಾಬಕಾ ಔರಾದ್ ತಾಲೂಕಿನಲ್ಲಿ, ಮಹಾರಾಷ್ಟ್ರಕ್ಕೆ ಆತುಕೊಂಡಂತೆ ಇದೆ. ಚಿಗವ್ವ ಅವ್ವನ ತಂಗಿ. ಎರೆ ಹೊಲದ ಬಿಳಿ ಜೋಳವನ್ನು ನಮ್ಮ ಕಡೆ ಕುಡುಗೋಲಿನಿಂದ ಕೊಯ್ಯುವುದಿಲ್ಲ, ಬೇರು ಸಹಿತ ಕೀಳುತ್ತಾರೆ. ನಾನು ಸಣ್ಣವಳಿದ್ದಾಗ ನೋಡಿದ್ದೆ, ಕಿತ್ತಿರಲಿಲ್ಲ. ಫೆಬ್ರುವರಿ 2ರ ಬೆಳಿಗ್ಗೆ, ಎಲೆಯ ಮೇಲೆ ಇಬ್ಬನಿ ಇರುವಾಗಲೇ, ಐದು ಜನ ಹೆಂಗಸರ ಪಕ್ಕದಲ್ಲಿ ಅಂಗೈಗೆ ಬಟ್ಟೆ ಸುತ್ತಿಕೊಂಡು ನಿಂತೆ. ಬಾಕ್ಸಿಂಗ್ ಪಟ್ಟಿ ಸುತ್ತುವ ಹಾಗೆ ಬೆರಳುಗಳ ನಡುವೆ ಸುತ್ತಿದ್ದನ್ನು ನೋಡಿ ಒಬ್ಬ ಮುದುಕಿ, "ಅಗ ಬಾಈ, ಜ್ವಾಳದ ಸಂಗಟ ಕುಸ್ತಿಗಿ ಬಂದಾಳ" ಅಂದಳು.

ಎರಡು ದಂಟು ಹಿಡಿದು ಜಗ್ಗಿದೆ. ಬಂದವು. ಒಂದು. ಮತ್ತೆರಡು. ಎರಡು. ನಾನು ಜೋರಾಗಿ ಹೋದೆ. ಕೂತಲ್ಲಿ ಕೂಡಲಾರದ ಒಂದು ತಿಂಗಳ ತಳಮಳವೆಲ್ಲ ಕೈಗೆ ಬಂದಿತ್ತು. ಹೆಂಗಸರನ್ನು ಹಿಂದೆ ಹಾಕಿದೆ. ಸೂರ್ಯ ನೆತ್ತಿಯ ಹತ್ತಿರ ಬಂದಾಗ ತಿರುಗಿ, "ಚಿಗವ್ವಾ, ನಾನೂರಾ ಹನ್ನೆರಡು!" ಎಂದು ಕೂಗಿದೆ.

ಚಿಗವ್ವ ಸೊಂಟ ನೆಟ್ಟಗೆ ಮಾಡಿ ನನ್ನ ಸಾಲು ನೋಡಿದಳು. ಕಿತ್ತ ದಂಟು ಹತ್ತು ದಿಕ್ಕಿಗೆ ಬಿದ್ದಿದ್ದವು. ತೆನೆಗಳು ಮಣ್ಣಿನಲ್ಲಿ. ನಡುನಡುವೆ ಬುಡದಲ್ಲಿ ಮುರಿದು, ಬೇರು ನೆಲದಲ್ಲೇ ಉಳಿದ ಮೋಟುಗಳು.

"ಏನು ನಾನೂರಾ ಹನ್ನೆರಡು?"

"ಕಿತ್ತಿದ್ದು."

"ಕಿತ್ತಿದ್ದು ಯಾರ್ ಕೇಳ್ಯಾರ ನಿನಗ? ಬೇರು ಬಂತೇನು? ಮಣ್ಣು ಕೊಡವಿದೇನು? ತೆನಿ ಎಲ್ಲಾ ಒಂದೇ ದಿಕ್ಕಿಗಿ ಇಟ್ಟೇನು? ಸಿವುಡು ಕಟ್ಟಿ ಇಡು, ಆಮ್ಯಾಲ ಎಷ್ಟಂತ ಕೂಗು. ಈಗ ಹೋಗು, ಆ ಮೋಟೆಲ್ಲಾ ತಗಿ. ನಾಳಿ ದನದ ಕಾಲಿಗಿ ನಡ್ತಾವ."

ಮುರಿದ ಮೋಟುಗಳು ಅರವತ್ತಮೂರು. ಪ್ರತಿಯೊಂದನ್ನೂ ಕುಕ್ಕರಗಾಲಿನಲ್ಲಿ ಕೂತು ಬೆರಳಿನಿಂದ ಬಗೆದು ತೆಗೆದೆ. ಹೆಂಗಸರು ನನ್ನನ್ನು ದಾಟಿ ಮುಂದೆ ಹೋದರು. ಮುದುಕಿ ಹೋಗುತ್ತಾ, "ಮಂದಿಗಿ ಹೊಡಿಯಾಕಿ ಜ್ವಾಳಕ್ಕ ಸೋತ್ಳಲ್ಲೇ ಯವ್ವಾ" ಅಂದಳು.

ಮಧ್ಯಾಹ್ನ ರೊಟ್ಟಿ ತಿಂದ ಮೇಲೆ ಚಿಗವ್ವ ನನ್ನ ಹಿಂದೆ ಬಂದು ನಿಂತಳು. "ಕೈ ಮರಿ. ಕೈ ಬರೇ ಕೊಕ್ಕಿ ಅಂತ ತಿಳಿ. ಬುಡಕ್ಕ ಹಿಡಿ. ಕುಂಡಿ ಹಿಂದಕ್ಕ ಹಾಕು. ಈಗ ಬೆನ್ನಲೆ ಏಳು." ಎದ್ದೆ. ನೆಲ ಸಣ್ಣಗೆ ಬಿರಿದ ಸದ್ದಾಗಿ ಬೇರು ಇಡಿಯಾಗಿ ಮೇಲೆ ಬಂತು. ಪಾದದ ಅಂಚಿಗೆ ಬಡಿದು ಮಣ್ಣು ಕೊಡವಿ, ಪೂರ್ವಕ್ಕೆ ತೆನೆ ಮಾಡಿ ಇಟ್ಟೆ. ಎಣಿಸಲು ಬಾಯಿ ತೆರೆದೆ. ಚಿಗವ್ವ ನನ್ನ ಮುಖವನ್ನೇ ನೋಡುತ್ತಿದ್ದಳು. ಮುಚ್ಚಿಕೊಂಡೆ.

ನಾಲ್ಕು ದಿನ ಕಿತ್ತೆ. ಮೂರನೆಯ ಬೆಳಿಗ್ಗೆ ಹಾಸಿಗೆಯಿಂದ ಏಳಲು ಹೋದಾಗ ಕಂಕುಳಿನಿಂದ ಸೊಂಟದವರೆಗೆ ಎರಡೂ ಬದಿಗೆ ಯಾರೋ ಕೆಂಡದಿಂದ ಗೆರೆ ಎಳೆದಂತೆ ನೋವು. ಸ್ನಾಯು ನಾಲ್ಕು ದಿನದಲ್ಲಿ ಬೆಳೆಯುವುದಿಲ್ಲ, ಅಷ್ಟು ನನಗೂ ಗೊತ್ತು. ಅದು ಎಲ್ಲಿದೆ ಎಂಬುದು ಮಾತ್ರ ಮೊದಲ ಸಲ ತಿಳಿಯಿತು. ಆ ವಾರದ ಪುಟದಲ್ಲಿ ಹೀಗಿದೆ: ಕಟ್ಟಿ ಇಟ್ಟ ಸಿವುಡು, 9, 22, 27, 31. ಭುಜ, ನಾಲ್ಕೂ ದಿನ 0.

ಡಾಬಕಾದಿಂದ ಬಂದ ಮೇಲೆ ಎಲ್ಲ ಸರಿಹೋಯಿತು ಎಂದು ಬರೆಯಬಹುದಾಗಿದ್ದರೆ ಚೆನ್ನಾಗಿತ್ತು. ಫೆಬ್ರುವರಿ 10ರಂದು ಸರ್ ನಮ್ಮಿಬ್ಬರನ್ನು ಎದುರುಬದುರು ಬಿಟ್ಟರು. ನನ್ನ ಏಟು ಮೊದಲಿಗಿಂತ ಭಾರವಾಗಿತ್ತು. ಅವಳು ಒಮ್ಮೆ ಹುಬ್ಬೇರಿಸಿದ್ದನ್ನು ನೋಡಿದೆ. ಆದರೂ ನಾನು ಹೊಡೆದಾಗಲೆಲ್ಲ ಅವಳ ಎಡಗೈ ನನ್ನ ಮೂಗಿಗೆ ಬಂದು ಮುಟ್ಟುತ್ತಿತ್ತು, ಗಡಿಯಾರದ ಹಾಗೆ. ಮೂರು ಸುತ್ತು ಮುಗಿದಾಗ ನನಗೆ ಅಳು ಬರುವಂತಿತ್ತು. ಹನ್ನೆರಡು ದಿನ ಉಳಿದಿದ್ದವು.

ಕಟ್ಟೆಯ ಮೇಲೆ ಕೂತು ಕೈಪಟ್ಟಿ ಬಿಚ್ಚುವಾಗ ಅವಳೇ ಮಾತು ತೆಗೆದಳು. "ನೀ ಬಾಯಾಗ ಎಣಸ್ತಿ ಅಲಾ, ನನಗ ಕೇಳಸ್ತದ."

"ಸುಳ್ಳು. ನಾ ಮನಸ್ಸಿನ್ಯಾಗ ಎಣಸ್ತೇನಿ."

"ತುಟಿ ಅಲ್ಲಾಡ್ತಾವ ಬೇ. ಚೀಲಕ್ಕ ಹೊಡದ್ರೂ ಹಂಗೇ, ನನಗ ಹೊಡದ್ರೂ ಹಂಗೇ. ಮುಷ್ಟಿ ಮುಟ್ಟಿದ ಕೂಡ್ಲೆ ನೀ ನಂಬರ್ ಹೇಳ್ತಿ. ನಂಬರ್ ಹೇಳೂತನ ಕೈ ಅಲ್ಲೇ ನಿಂತಿರ್ತದ. ಹೋದ ವರ್ಷೂ ನಾ ನಿನಗ ಹಂಗೇ ಹೊಡದೇನಿ. ನಿನ್ನ ನಂಬರ್ ಕಾಯದು, ಹೊಡಿಯದು." ಹಲ್ಲಿನಿಂದ ಪಟ್ಟಿಯ ಗಂಟು ಬಿಚ್ಚಿದಳು. "ನೀ ಎಷ್ಟಂತ ಹೇಳಿದ್ರ ನಾನೂ ಅಷ್ಟೇ ಹೊಡದೇನಿ ಅಂತ ಗೊತ್ತಾಗ್ತದ. ಲೆಕ್ಕ ಇಡೂ ತ್ರಾಸ್ ಇಲ್ಲ ನನಗ."

ಅವಳು ಯಾಕೆ ಹೇಳಿದಳೋ. ಕೇಳಿದ್ದಕ್ಕೆ, "ಪ್ರತಿ ವರ್ಷ ಹಂಗೇ ಗೆದ್ರ ಬ್ಯಾಸರಾಗ್ತದ" ಅಂದಳು. ಕೊಬ್ಬು ಅನ್ನಿಸಿತು. ಬೀದರ್ ಬಸ್ಸು ಹತ್ತಿದ ಮೇಲೂ ಕೊಬ್ಬೆಂದೇ ಅನ್ನಿಸುತ್ತಿತ್ತು. ಹಳ್ಳದ ಹತ್ತಿರ ಜಾಲಿ ಗಿಡದೊಳಗಿನ ಎರಡು ಕಂಬ ದಾಟುವಾಗ, ಸಿವುಡು ಕಟ್ಟಿ ಇಡು ಆಮೇಲೆ ಕೂಗು ಎಂದ ಚಿಗವ್ವ ನೆನಪಾದಳು. ನೋಟ್‌ಬುಕ್ ತೆಗೆದು ನಾಲ್ಕನೆಯ ಕಾಲಂ ನೋಡಿದೆ. ನೂರೆಂಟು ದಿನ ನಾನು ಎಣಿಸಿದ್ದು ಮುಷ್ಟಿ ಚೀಲಕ್ಕೆ ಮುಟ್ಟಿದ ಕ್ಷಣವನ್ನು. ಮುಟ್ಟಿದರೆ ಲೆಕ್ಕ ಮುಗಿಯಿತು, ಲೆಕ್ಕ ಮುಗಿದರೆ ಕೆಲಸ ಮುಗಿಯಿತು. ತಿರುಗಿ ಬರುವ ಅರ್ಧಕ್ಕೆ, ಅಂದರೆ ಬೆನ್ನಿನ ಪಾಲಿನ ಕೆಲಸಕ್ಕೆ, ನಾನು ಕಾಲಂ ಎಳೆದಿರಲೇ ಇಲ್ಲ. 31,320 ಸಲ ನನ್ನ ಮೈಗೆ ಕಲಿಸಿದ್ದು ಮುಟ್ಟಿ ನಿಲ್ಲುವುದನ್ನು.

ಮರುದಿನ ಸರ್‌ಗೆ ಚಿಗವ್ವ ಕಲಿಸಿದ ಜೋಳದ ಪಾಠವನ್ನೂ ಸೇರಿಸಿ ಎಲ್ಲ ಹೇಳಿದೆ. ಕೈ ಗದ್ದದ ಹತ್ತಿರ ವಾಪಸು ಬಂದ ಮೇಲೆ ಎಣಿಸುತ್ತೇನೆ, ಅರ್ಧದಲ್ಲಿ ನಿಂತದ್ದನ್ನು ಬರೆಯುವುದಿಲ್ಲ ಎಂದೆ. ಅವರು ಚೀಲದ ಮೇಲಿನ ನಿಷೇಧ ತೆಗೆದರು. ಇನ್ನೂರ ತೊಂಬತ್ತು ಹೊಡೆದೆ. ಪೂರ್ತಿ ಹಿಂದಕ್ಕೆ ಬಂದವು ನಲವತ್ತೊಂದು. ಹಾಗೇ ಬರೆದೆ. ಹಳೆಯ ಸಂಖ್ಯೆಯ ಮೇಲೆ ಗೆರೆ ಎಳೆಯಬೇಕೇ ಎಂದು ಕೇಳಿದಾಗ ಸರ್, "ಸುಟ್ಟ ಫ್ಯೂಜಿಗಿ ಏನ್ ಬೈತಿ, ಹೊಸಾದು ಹಾಕು" ಎಂದು ಫೋನ್ ಎತ್ತಿಕೊಂಡು ಹೋದರು. ಎಲ್ಲಿಯೋ ಲೈನ್ ಹೋಗಿತ್ತು.

ನಲವತ್ತೊಂದು, ಐವತ್ತೆಂಟು, ತೊಂಬತ್ತು, ತೊಂಬತ್ತು, ನೂರಾ ಮೂವತ್ತಾರು. ಫೆಬ್ರುವರಿ 20ಕ್ಕೆ ನೂರಾ ಎಪ್ಪತ್ತೇಳು. ಉಳಿದ ನೂರಾ ಹದಿಮೂರು ಇನ್ನೂ ಅಲ್ಲೇ ನಿಲ್ಲುತ್ತಿದ್ದವು. ಕೊಳವೆಯ ಮೇಲೆ ಮೂರು. ಅಂದಾಜಿಗಿಂತ ಅರ್ಧ ಕಡಿಮೆ. ಎರಡು ದಿನ ಊಟದ ಹೊತ್ತಿನಲ್ಲಿ ಅವ್ವ "ಕಾಲು" ಅನ್ನುವುದನ್ನೂ ಬಿಟ್ಟಿದ್ದಳು. ಅದು ನನ್ನನ್ನು ಹೆಚ್ಚು ಹೆದರಿಸಿತು.

ಇಪ್ಪತ್ತೆರಡರಂದು ಅವ್ವ ರಜೆ ಹಾಕಿ ಜೊತೆಗೆ ಬಂದಳು. ಶಾಲೆಯೊಂದರ ಅಂಗಳದಲ್ಲಿ ಹಗ್ಗ ಕಟ್ಟಿದ ರಿಂಗ್, ಹೊರ ಊರಿನಿಂದ ಬಂದ ಮೂವರು ತೀರ್ಪುಗಾರರು, ಎರಡೆರಡು ನಿಮಿಷದ ಮೂರು ಸುತ್ತು. ಮೊದಲ ಸುತ್ತಿನಲ್ಲಿ ನನ್ನ ತುಟಿ ಹಲ್ಲಿನ ಗಾರ್ಡಿನ ಮೇಲೆ ಅಲ್ಲಾಡಿತು. ಒಂದು, ಎರಡು ಎಂದು ಎಣಿಸಿದ್ದೇ ತಡ, ಅವಳ ಎಡಗೈ ಸರಿಯಾಗಿ ಬಂತು. ಆ ಸುತ್ತು ಹೋಯಿತು. ಮೂಲೆಯಲ್ಲಿ ಸರ್ ಬಾಟಲಿ ಹಿಡಿದು, "ಇವತ್ತು ಎಣಸೂ ಕೆಲಸ ಆ ಮೂರು ಮಂದೀದು. ನೀ ಜ್ವಾಳ ಕೀಳು," ಅಂದರು.

ಎರಡನೆಯ ಸುತ್ತಿನಲ್ಲಿ ನಾನು ಹಲ್ಲು ಕಚ್ಚಿದೆ. ಬಾಯಿ ಮುಚ್ಚಿದ್ದರಿಂದ ಸಂಖ್ಯೆ ಬರಲಿಲ್ಲ. ಹೊಡೆದೆ, ಮೊಣಕೈಯನ್ನು ಬೆನ್ನಿನಿಂದ ಎಳೆದೆ, ಬುಡಕ್ಕೆ ಹಿಡಿದ ದಂಟು ಎಳೆದ ಹಾಗೆ. ಎಡಗೈ ಹಿಂದಕ್ಕೆ ಬರುವ ಎಳೆತಕ್ಕೆ ಸೊಂಟ ಇನ್ನೊಂದು ಕಡೆ ತಾನೇ ತಿರುಗಿ ಬಲಗೈ ಹೊರಟಿತು. ನಾನು ಕಳಿಸಿದ್ದಲ್ಲ. ಅವಳು ಕಾಯುತ್ತಿದ್ದಳು. ಅವಳ ಕಣ್ಣು ನನ್ನ ತುಟಿಯ ಮೇಲಿತ್ತು. ಸಂಖ್ಯೆ ಬರದೆ ಅವಳ ಎಡಗೈ ಅರ್ಧಕ್ಕೆ ತಡೆಯಿತು, ಅಷ್ಟರಲ್ಲಿ ನನ್ನ ಬಲಗೈ ಮುಟ್ಟಿ ಮನೆ ಸೇರಿತ್ತು. ಅವಳು ಎರಡು ಹೆಜ್ಜೆ ಹಿಂದೆ ಹೋಗಿ ಹಗ್ಗಕ್ಕೆ ಆತುಕೊಂಡಳು. ಅವಳನ್ನು ಹಾಗೆ ಯಾರೂ ಹಿಂದೆ ಕಳಿಸಿದ್ದನ್ನು ನಾನು ನೋಡಿರಲಿಲ್ಲ. ಮೂರನೆಯ ಸುತ್ತು ನನಗೆ ಸರಿಯಾಗಿ ನೆನಪಿಲ್ಲ. ಅವಳೂ ಬಹಳ ಹೊಡೆದಳು.

ಮೂವರಲ್ಲಿ ಇಬ್ಬರು ನನ್ನ ಕಡೆ ಕೊಟ್ಟರು.

ಅವ್ವ ಹತ್ತಿರ ಬಂದವಳು ಅಪ್ಪಿಕೊಳ್ಳಲಿಲ್ಲ. ನನ್ನ ಬಲತೋಳನ್ನು ಹಿಡಿದು ಮೆಲ್ಲಗೆ ಪೂರಾ ಒಂದು ಸುತ್ತು ತಿರುಗಿಸಿದಳು, ಕಿವಿಯನ್ನು ಭುಜದ ಹತ್ತಿರ ಇಟ್ಟು. ಸದ್ದು ಬರಲಿಲ್ಲ. ಇನ್ನೊಮ್ಮೆ ತಿರುಗಿಸಿದಳು. "ಹೂಂ," ಅಂದಳು. "ನಾ ಬಾಯಿ ಬಿಡಂಗಿಲ್ಲಂದೇನಿ. ಬಿಡಂಗಿಲ್ಲ."

ಎಲ್ಲರೂ ಚಹಾಕ್ಕೆ ಹೋದ ಮೇಲೆ ಶಾಲೆಯ ಮೆಟ್ಟಿಲ ಮೇಲೆ ನೋಟ್‌ಬುಕ್ ತೆರೆದೆ. ದಿನಾಂಕ ಬರೆದೆ. ತೂಕ 53.6. ಹಗ್ಗ ಹತ್ತು ನಿಮಿಷ. ಭುಜ ಸೊನ್ನೆ. ನಾಲ್ಕನೆಯ ಕಾಲಂ ಖಾಲಿ. ಎಷ್ಟು ಹೊಡೆದೆನೆಂದು ನನಗೆ ಗೊತ್ತೇ ಇರಲಿಲ್ಲ. ಗೆದ್ದ ದಿನದ ಲೆಕ್ಕವೇ ಇಲ್ಲ. ಪೆನ್ನಿನ ತುದಿ ಆ ಚೌಕದ ಮೇಲೆ ಇಟ್ಟು, ಎತ್ತಿ, ಮತ್ತೆ ಇಟ್ಟೆ. ಮೊಣಕಾಲು ಕುಣಿಯತೊಡಗಿತು.

ಭಾಲ್ಕಿಯ ಹುಡುಗಿ ಬಂದು ಎರಡು ಮೆಟ್ಟಿಲು ಕೆಳಗೆ ಕೂತಳು. ಎಡಗೆನ್ನೆ ಊದಿಕೊಂಡಿತ್ತು. ಗಿರಣಿಯ ಹಿಟ್ಟು ಅಂದು ಹುಬ್ಬಿನ ಮೇಲೆ ಇರಲಿಲ್ಲ, ಮುಖ ತೊಳೆದು ಬಂದಿದ್ದಳು. ಆಮೇಲೆ ಅವಳು ತಿರುಗಿ ಖಾಲಿ ಚೌಕವನ್ನು ನೋಡಿದಳು.

"ಹನ್ನೊಂದು," ಅಂದಳು.

"ಏನು?"

"ನನಗ ಬಂದು ಹತ್ತಿದ್ದು. ಖರೆ ಹತ್ತಿದ್ದು ಹನ್ನೊಂದು. ಉಳಕಿದ್ದು ಬರೀಬ್ಯಾಡ, ಅವು ಗಾಳೀಗಿ ಹೋದ್ವು." ಕೆನ್ನೆ ಮುಟ್ಟಿಕೊಂಡು ಮುಖ ಕಿವುಚಿದಳು. "ಇದು ಏಳನೇದು."

ನಾನು 11 ಎಂದು ಬರೆದೆ. ಅವಳು ಬಗ್ಗಿ ನೋಡಿ, ಸರಿಯಾಗಿ ಬರೆದಿದ್ದೇನೆಂದು ಖಾತ್ರಿ ಮಾಡಿಕೊಂಡಳು.